ತಂಗಿಗೆ ಬೆನ್ನುನೋವು

ಮಾರ್ಚ್ ೩, ಸೋಮವಾರ

ಬುದ್ಧಿ ಬಳಸಬಾರದೆಂದು ನಗರಸಭೆಯವರಿಗೆ ಯಾರೂ ಹೇಳಿಲ್ಲ. ಆದರೂ ಅದಿಲ್ಲದೆಯೇ ಸಂಸಾರ ಸಾಗಿಸುತ್ತೇವೆಂದು ಅವರು ಪಣ ತೊಟ್ಟಂತಿದೆ. ಹಳೆಯ ಸೇತುವೆಯ ಎರಡೂ ಕಡೆ ಆಳೆತ್ತರಕ್ಕೂ ಮೀರಿದ ಜಾಲರಿ ಹಾಕುತ್ತಾರಂತೆ. ಇಂದಿನ ಪತ್ರಿಕೆಯ ಒಳಪುಟದಲ್ಲಿ, ಚರಂಡಿ ಸುದ್ದಿಯ ಕೆಳಗೆ, ಅಂಗೈಯಗಲದ ಜಾಗದಲ್ಲಿ ಬಂದಿದೆ. ‘ಅಹಿತಕರ ಘಟನೆಗಳನ್ನು ತಪ್ಪಿಸಲು’ ಎಂದು ಕಾರಣ ಕೊಟ್ಟಿದ್ದಾರೆ. ಅಹಿತಕರ ಎಂದರೆ ಏನೆಂದು ಬಿಡಿಸಿ ಹೇಳುವ ಧೈರ್ಯವಿಲ್ಲ.

ಆ ಸೇತುವೆಗೆ ಇವರು ಮಾಡಿದ್ದೆಲ್ಲ ನನಗೆ ನೆನಪಿದೆ. ಮೊದಲು ದೀಪದ ಕಂಬಗಳನ್ನು ಕಿತ್ತು ಎಲ್ಲಿಗೋ ಸಾಗಿಸಿದರು. ಆಮೇಲೆ ಕಲ್ಲಿಗೆ ಹಳದಿ ಬಣ್ಣ ಬಳಿದರು. ಆಮೇಲೆ ಹಲ್ಲುಪುಡಿಯ ಜಾಹೀರಾತು. ಪ್ರತಿ ಸಲವೂ ನಾನು ಅರ್ಜಿ ಬರೆದಿದ್ದೇನೆ. ನಾನು ಗ್ರಂಥಾಲಯದಲ್ಲಿ ಕೆಲಸದಲ್ಲಿದ್ದಷ್ಟು ದಿನ ಮೇಡಂ ಎನ್ನುತ್ತಿದ್ದ ನಗರಸಭೆಯ ಗುಮಾಸ್ತ, ನಿವೃತ್ತಿಯಾದ ಮೇಲೆ ನನ್ನನ್ನು ‘ಅರ್ಜಿ ಅಮ್ಮ’ ಎನ್ನುತ್ತಾನಂತೆ. ಎನ್ನಲಿ. ಈ ಸಲವೂ ಬರೆಯುತ್ತೇನೆ. ಸಾಯಲೇಬೇಕೆಂದು ಹೊರಟವರು ಒಂದು ಜಾಲರಿ ಕಂಡು ಮನೆಗೆ ಹೋಗಿ ಉಂಡು ಮಲಗುತ್ತಾರೆಯೆ?

ತಂಗಿ ಶನಿವಾರ ಬಂದಳು. ಆಸ್ಪತ್ರೆಯಿಂದ ನೇರವಾಗಿ ಇಲ್ಲಿಗೇ. ಅಣ್ಣ ಅವಳ ಚೀಲವನ್ನು ಮೆಟ್ಟಿಲ ಮೇಲಿಟ್ಟು ತಗ್ಗಿದ ದನಿಯಲ್ಲಿ ಹೇಳಿದ: “ಯಾರು ಕೇಳಿದ್ರೂ ಬೆನ್ನುನೋವು ಅನ್ನು. ಇವಳು ಏನು ಮಾಡ್ಕೊಳ್ಳೋಕೆ ಹೋಗಿದ್ಲು ಅಂತ ಒಬ್ಬರಿಗೆ ಗೊತ್ತಾದ್ರೂ ಇವಳ ಶಿಶುವಿಹಾರ ಮುಚ್ಚಿದ ಹಾಗೇ. ಇಂಥವರ ಕೈಗೆ ಮಕ್ಕಳನ್ನ ಯಾರು ಬಿಡ್ತಾರೆ?” ನಂಬಿಕೆ ಬರಲೆಂದು ಸೊಂಟಕ್ಕೆ ಕಟ್ಟುವ ಅಗಲವಾದ ಬೆಲ್ಟನ್ನೂ ಕೊಂಡು ತಂದಿದ್ದಾನೆ.

ತಂಗಿ ಒಳಕೋಣೆಯಲ್ಲಿದ್ದಾಳೆ. ಊಟ ಮಾಡು ಎಂದರೆ ಮಾಡುತ್ತಾಳೆ. ಸ್ನಾನ ಮಾಡು ಎಂದರೆ ಮಾಡುತ್ತಾಳೆ. ಇಷ್ಟು ವಿಧೇಯಳಾಗಿ ಹುಟ್ಟಿದಾಗಲೂ ಇರಲಿಲ್ಲ.

ಮಾರ್ಚ್ ೫, ಬುಧವಾರ

ಅಣ್ಣ ರೋಗವನ್ನು ಆರಿಸುವಾಗ ನನ್ನನ್ನು ಒಂದು ಮಾತು ಕೇಳಬೇಕಿತ್ತು. ಎದುರು ಮನೆಯ ಟೈಲರಮ್ಮ ಮೂವತ್ತು ವರ್ಷಗಳಿಂದ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತವರು. ಬೆನ್ನುನೋವಿನ ವಿಷಯದಲ್ಲಿ ಅವರ ಮುಂದೆ ವೈದ್ಯರೂ ಕೈಕಟ್ಟಿ ನಿಲ್ಲಬೇಕು. ಬೆಳಿಗ್ಗೆಯೇ ಒಂದು ಬಾಟಲಿ ಎಣ್ಣೆ ಹಿಡಿದು ಬಂದರು.

“ನೋವು ಮೇಲಿಂದ ಕೆಳಗೆ ಬರತ್ತೋ, ಕೆಳಗಿಂದ ಮೇಲೆ ಹೋಗತ್ತೋ?”

ತಂಗಿ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ.

“ಮೇಲಿಂದ ಕೆಳಗೆ,” ಅಂದಳು ತಂಗಿ.

“ಹಾಗಾದ್ರೆ ನಂದೇ ಜಾತಿ ನೋವು. ಮಲಗಿಬಿಟ್ರೆ ಕೆಟ್ಟಿರಿ. ಇದಕ್ಕೆ ನಡೀಬೇಕು. ಮೊದಲು ಎಣ್ಣೆ, ಆಮೇಲೆ ನಡಿಗೆ.”

ಅವರು ಹೋದ ಮೇಲೆ ತಂಗಿ ಬೆಲ್ಟ್ ಬಿಚ್ಚಿ ಮಂಚದ ಮೇಲೆ ಹಾಕಿ, “ಅಕ್ಕ, ಈ ನಾಟಕದಲ್ಲಿ ನನ್ನ ಪಾತ್ರಕ್ಕೇ ಮಾತು ಜಾಸ್ತಿ,” ಅಂದಳು. ಬಂದ ಮೇಲೆ ಅವಳು ಆಡಿದ ಅತಿ ಉದ್ದದ ವಾಕ್ಯ ಅದು.

ಎಣ್ಣೆಯನ್ನು ನನ್ನ ಮೊಣಕಾಲಿಗೆ ಹಚ್ಚಿಕೊಂಡೆ. ಪರವಾಗಿಲ್ಲ.

ಮಾರ್ಚ್ ೭, ಶುಕ್ರವಾರ

ವೈದ್ಯರ ಬಳಿಗೆ. ಮನೋರೋಗ ವಿಭಾಗ ಎರಡನೆಯ ಮಹಡಿಯಲ್ಲಿ, ಕಣ್ಣಿನ ವಿಭಾಗ ಮೊದಲನೆಯದರಲ್ಲಿ. ಎರಡನೆಯ ಮಹಡಿಯ ಬೆಂಚಿನ ಮೇಲೆ ನಮ್ಮ ಹಳೆಯ ಶಾಲೆಯ ಹೆಡ್‌ಮಾಸ್ತರರು ಕೂತಿದ್ದರು. ನನ್ನನ್ನು ಕಂಡದ್ದೇ ಎದ್ದು ನಿಂತು, “ಕಣ್ಣು ತೋರಿಸೋಕೆ ಬಂದೆ. ಇದೇ ಮಹಡಿ ಅಲ್ವೇನಮ್ಮ?” ಅಂದರು. ನಾನೂ “ನಾವೂ ಕಣ್ಣಿಗೇ ಬಂದದ್ದು ಸಾರ್” ಎಂದುಬಿಟ್ಟೆ. ಇಬ್ಬರೂ ಅಲ್ಲೇ ಕೂತೆವು. ಎದುರಿನ ಗೋಡೆಯ ಮೇಲೆ ಕಣ್ಣಿನ ಪಟ ಒಂದೂ ಇರಲಿಲ್ಲ.

ವೈದ್ಯೆ ಚಿಕ್ಕ ವಯಸ್ಸಿನವರು, ಅವಸರವಿಲ್ಲದವರು. ತಂಗಿಯನ್ನು ಬಹಳ ಹೊತ್ತು ಮಾತಾಡಿಸಿ, ಆಮೇಲೆ ನನ್ನನ್ನು ಒಳಗೆ ಕರೆದರು. ನಾನು ಕಾರಣ ಕೇಳಿದೆ. ಪುಸ್ತಕಕ್ಕೊಂದು ಕಪಾಟು ಇರುವಂತೆ ಕಾಯಿಲೆಗೊಂದು ಕಾರಣ ಇರಬೇಕಲ್ಲ.

“ಕಾರಣ ಆಮೇಲೆ ಹುಡುಕೋಣ. ಮಾತ್ರೆ ಕೆಲಸ ಮಾಡೋಕೆ ಕೆಲವು ವಾರ ಹಿಡಿಯತ್ತೆ. ಅಲ್ಲಿ ತನಕ ನೀವು ಅವರನ್ನ ಕೇಳ್ತಾ ಇರಬೇಕು.”

“ಏನಂತ?”

“ಸಾಯಬೇಕು ಅನ್ನಿಸ್ತಿದೆಯಾ ಅಂತ. ಇದೇ ಮಾತಲ್ಲಿ.”

“ಇಲ್ಲದ್ದನ್ನ ತಲೆಗೆ ತುಂಬಿದ ಹಾಗೆ ಆಗಲ್ವೇ?”

“ಆಗಲ್ಲ. ಕೇಳಿದ್ರೆ ಭಾರ ಇಳಿಯತ್ತೆ. ಹೂಂ ಅಂದ್ರೆ ಒಬ್ಬರನ್ನೇ ಬಿಡಬೇಡಿ, ನಮಗೆ ಫೋನ್ ಮಾಡಿ.”

ಹೇಳುವುದು ಸುಲಭ. ಇಂಥದ್ದನ್ನು ಅನ್ನದ ತಟ್ಟೆಯ ಮುಂದೆ ಕೂತು ಕೇಳುವುದಾದರೂ ಹೇಗೆ? ಕೆರೆದು ಹುಣ್ಣು ಮಾಡಿಕೊಂಡ ಹಾಗೆ. ಇವತ್ತು ರಾತ್ರಿ “ನಿದ್ದೆ ಬರತ್ತಾ?” ಎಂದು ಕೇಳಿದೆ. ಅದೂ ಒಂದು ಪ್ರಶ್ನೆಯೇ.

ಮಾರ್ಚ್ ೧೦, ಸೋಮವಾರ

ಅರ್ಜಿಗೆ ಸಹಿ ಸಂಗ್ರಹ ಶುರು. ತಂಗಿಯ ಬಳಿ ಅತ್ತಿಗೆಯನ್ನು ಕೂರಿಸಿ ಸಂಜೆ ಸೇತುವೆಗೆ ಹೋದೆ. ಪ್ರತಿ ಕಂಬದ ಮೇಲೂ ಕಟ್ಟಿದವರು ಅರ್ಧಚಂದ್ರದ ಹಾಗೆ ಹೊರಚಾಚಿದ ಜಾಗ ಬಿಟ್ಟು, ಒಂದೊಂದು ಕಲ್ಲುಬೆಂಚು ಇಟ್ಟಿದ್ದಾರೆ. ನಡೆದು ಹೋಗುವವರು ನಿಂತು ನೋಡಲಿ ಎಂದು ಜಾಗ ಬಿಡುವ ಎಂಜಿನಿಯರುಗಳು ಆಗ ಇದ್ದರು.

ಬರೀ ಸಹಿ ಕೇಳಿದರೆ ಜನ ಓಡುತ್ತಾರೆ. ಆದ್ದರಿಂದ ಮೊದಲು “ಇಲ್ಲಿ ನಿಂತು ಏನು ನೋಡ್ತೀರಿ?” ಎಂದು ಕೇಳುವುದು. ಆ ಉತ್ತರಗಳನ್ನೇ ಅರ್ಜಿಗೆ ಸೇರಿಸಿದರೆ ನಗರಸಭೆಗೆ ನಾಚಿಕೆಯಾದೀತು. ಆದರೆ ಉತ್ತರಗಳು ನಾನು ಎಣಿಸಿದಂತಿಲ್ಲ. ಯಾರೂ ‘ಪ್ರಕೃತಿ ಸೌಂದರ್ಯ’ ಎನ್ನುವುದಿಲ್ಲ. ಕೆಲಸ ಮುಗಿಸಿ ಬಂದ ನರ್ಸ್ ಒಬ್ಬಳು, “ಏನೂ ಇಲ್ಲ ಆಂಟಿ, ಇಲ್ಲಿ ಯಾರೂ ಸಿಸ್ಟರ್ ಅಂತ ಕೂಗಲ್ಲ” ಅಂದಳು. ದಪ್ಪಗಿನ ಅಂಚೆಯವನು, “ಮನೇಲಿ ಟೀವಿ, ಆಫೀಸಲ್ಲಿ ಸಾಹೇಬರು. ಇದೊಂದೇ ಜಾಗ ಎರಡೂ ಇಲ್ಲದ್ದು” ಅಂದ. ಒಬ್ಬ ಮುದುಕಿ ನನ್ನನ್ನೇ ಕೇಳಿದರು: “ನೀನು ಏನು ನೋಡ್ತೀಯಾ ತಾಯಿ?” ಸಹಿಯ ಹಾಳೆ ಮುಂದೆ ಹಿಡಿದೆ.

ಸಹಿ ಸಿಕ್ಕಿದ್ದು ಕಡಿಮೆ. ಆದರೂ ಮನೆಗೆ ಬರುವಾಗ ಉತ್ಸಾಹವಿತ್ತು. ಜನ ಎಂಥ ವಿಚಿತ್ರ.

ಮಾರ್ಚ್ ೧೨, ಬುಧವಾರ

ಸೇತುವೆಯ ಮೇಲೆ ಒಬ್ಬಳು ಟೇಪು ಹಿಡಿದು ಅಳೆಯುತ್ತಿದ್ದಳು. ಜಾಲರಿಯ ಎಂಜಿನಿಯರ್ ಇವಳೇ. ವಿರೋಧಿಯೊಬ್ಬಳು ಇಷ್ಟು ಸುಲಭವಾಗಿ ಕೈಗೆ ಸಿಗುತ್ತಾಳೆಂದು ಎಣಿಸಿರಲಿಲ್ಲ.

“ಸಾಯಬೇಕು ಅಂತ ಬಂದವರು ಇಲ್ಲಿ ಆಗದಿದ್ರೆ ಇನ್ನೊಂದು ಕಡೆ ಹೋಗ್ತಾರೆ. ಕಬ್ಬಿಣ ದಂಡ,” ಎಂದೆ.

“ನಾನೂ ಹಾಗೇ ಅಂದ್ಕೊಂಡಿದ್ದೆ ಮೇಡಂ. ಆದರೆ ಹೆಚ್ಚಿನವರು ಹೋಗಲ್ಲ. ಆ ಗಳಿಗೆ ಸರಿದು ಹೋಗತ್ತೆ. ಅದು ಸರಿಯೋ ತನಕ ಏನೋ ಒಂದು ಅಡ್ಡ ಇರಬೇಕು, ಅಷ್ಟೇ.”

“ನೀವು ನೋಡಿದ್ದೀರಾ?”

“ಓದಿದ್ದೀನಿ. ನೀವು ಲೈಬ್ರರಿಯವರಲ್ವಾ? ಓದಿದ್ದನ್ನ ನೀವೇ ನಂಬದಿದ್ರೆ ಹೇಗೆ?”

ಬಾಯಿ ಜೋರಿದೆ. ಟೇಪಿನ ಇನ್ನೊಂದು ತುದಿ ಹಿಡಿಯಿರಿ ಎಂದಳು. ಹಿಡಿದೆ. ವಿರೋಧ ಬೇರೆ, ಸೌಜನ್ಯ ಬೇರೆ.

ಓದಿದ್ದು ಎಂದದ್ದಕ್ಕೆ ನೆನಪಾಯಿತು. ಗ್ರಂಥಾಲಯದಲ್ಲಿ ದಿನವೂ ಪತ್ರಿಕೆಗಳಿಗೆ ಮುದ್ರೆ ಒತ್ತುವ ಕೆಲಸ ನನ್ನದೇ ಇತ್ತು. ‘ಹೊಟ್ಟೆನೋವು ತಾಳಲಾರದೆ’ ಎಂಬ ಸುದ್ದಿ ತಿಂಗಳಿಗೆ ಎಷ್ಟು ಬರುತ್ತಿತ್ತು. ಗಂಡಸಿಗೂ ಹೊಟ್ಟೆನೋವು, ಹೆಂಗಸಿಗೂ ಹೊಟ್ಟೆನೋವು, ಪರೀಕ್ಷೆ ಬರೆದ ಹುಡುಗಿಗೂ ಹೊಟ್ಟೆನೋವು. ಊರಿಗೆ ಊರೇ ಹೊಟ್ಟೆನೋವಿನಿಂದ ಸಾಯುತ್ತಿದ್ದರೂ ಯಾರೂ ನೀರನ್ನು ಪರೀಕ್ಷೆಗೆ ಕಳಿಸಲಿಲ್ಲ. ಎಂಥ ಆಲಸ್ಯದ ಪತ್ರಿಕೋದ್ಯಮ.

ಒಳಗಿನಿಂದ ತಂಗಿ ಕೇಳಿದಳು, “ಅಕ್ಕ, ಟೈಲರಮ್ಮ ಬಂದಿದ್ರು. ಬೆನ್ನು ಹೇಗಿದೆ ಅಂದ್ರು. ಚೆನ್ನಾಗಿದೆ ಅಂದೆ. ಸರಿ ತಾನೆ?”

“ಸರಿ,” ಎಂದೆ.

ಮಾರ್ಚ್ ೧೭, ಸೋಮವಾರ

ಮೊಂಡರಲ್ಲಿ ಮೊಂಡ ಒಬ್ಬ ಸಿಕ್ಕ. ಮೂರನೆಯ ಕಂಬದ ಬಳಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಮಾಡಿದ ಶೂ. ಆದರೆ ಕೈಚೀಲ, ಫೋನು, ಕನ್ನಡಕ ಮೂರನ್ನೂ ಬೆಂಚಿನ ಮೇಲೆ ಒಪ್ಪವಾಗಿ ಜೋಡಿಸಿಟ್ಟಿದ್ದ. ಕನ್ನಡಕ ತೆಗೆದು ನೋಡುವುದಾದರೆ ನೋಡುವುದೇನನ್ನು? ಕೇಳಿಯೇ ಬಿಟ್ಟೆ.

“ಏನು ನೋಡ್ತಿದ್ದೀರಿ?”

“ಏನೂ ಇಲ್ಲ. ನೀವು ಹೋಗಿ.”

“ಏನೂ ಇಲ್ಲ ಅಂದ್ರೆ ಹೇಗೆ? ಕನ್ನಡಕ ಹಾಕ್ಕೊಳ್ಳಿ. ಅದೋ ಅಲ್ಲಿ ಹಳೇ ಪಂಪ್‌ಹೌಸ್ ಕಾಣತ್ತೆ.”

“ಅಮ್ಮಾ, ದಯವಿಟ್ಟು ಹೋಗಿ.”

ಇಂಥ ಮಾತಿಗೆ ಹೋಗುವವಳು ನಾನಲ್ಲ. ಬೆಂಚಿನ ಮೇಲೆ ಅವನ ಚೀಲ ಸರಿಸಿ ಕೂತೆ. ಪಂಪ್‌ಹೌಸಿನ ಇತಿಹಾಸ ಹೇಳಿದೆ. ದೀಪದ ಕಂಬಗಳ ಕತೆ ಹೇಳಿದೆ. ಹಳದಿ ಬಣ್ಣ, ಹಲ್ಲುಪುಡಿ, ನನ್ನ ಅರ್ಜಿಗಳು, ಅವಕ್ಕೆ ಬಂದ ಉತ್ತರಗಳು, ಬಾರದ ಉತ್ತರಗಳು. ಮಧ್ಯದಲ್ಲೊಮ್ಮೆ ಅವನು ಕನ್ನಡಕ ಹಾಕಿಕೊಂಡ, ಬಹುಶಃ ಈ ಪೀಡೆ ಯಾವುದೆಂದು ನೋಡಲು. ಹಲ್ಲುಪುಡಿಯವರೆಗೆ ಬರುವಷ್ಟರಲ್ಲಿ ಬೆಂಚಿನ ತುದಿಯಲ್ಲಿ ಕೂತಿದ್ದ. “ನಿಮಗೆ ಮನೇಲಿ ಯಾರೂ ಬೈಯಲ್ವಾ?” ಎಂದು ಕೇಳಿದ. “ಬೈಯೋರು ಇದ್ರೆ ಇಲ್ಲಿಗೆ ಯಾಕೆ ಬರ್ತಿದ್ದೆ?” ಎಂದೆ. ಅದಕ್ಕೆ ಅವನಿಗೆ ನಗು ಬಂತು, ನಗು ಹೋಗಿ ಅಳು ಬಂತು. ಗಂಡಸರು ಬೀದಿಯಲ್ಲಿ ಅಳುವುದು ಅಪರೂಪ. ನಾನು ಬೇರೆ ಕಡೆ ನೋಡಿಕೊಂಡೆ, ಆದರೆ ಎದ್ದು ಹೋಗಲಿಲ್ಲ. ಬಸ್ ನಿಲ್ದಾಣದವರೆಗೆ ಜೊತೆಗೆ ಬಂದ. ಯಾರಿಗಾದರೂ ಫೋನ್ ಮಾಡು ಎಂದೆ. ತಮ್ಮನಿಗೆ ಮಾಡಿದ. ತಮ್ಮ ಬರುವವರೆಗೆ ನಿಂತಿದ್ದೆ.

ಸಹಿ ಮಾತ್ರ ಹಾಕಲಿಲ್ಲ.

ಮಾರ್ಚ್ ೨೪, ಸೋಮವಾರ

ಅದೇ ಮನುಷ್ಯ ನನ್ನನ್ನು ಹುಡುಕಿಕೊಂಡು ಸೇತುವೆಗೆ ಬಂದ. ತಮ್ಮನೂ ಜೊತೆಗಿದ್ದ. ಆಸ್ಪತ್ರೆಯ ಎರಡನೆಯ ಮಹಡಿಗೆ ಹೋಗುತ್ತಿದ್ದಾನಂತೆ. ಹಾಗೆಯೇ ಅಂದ, ಕಣ್ಣಿಗೆ ಎನ್ನಲಿಲ್ಲ.

“ನಿಮ್ಮ ಅರ್ಜಿಗೆ ಸಹಿ ಹಾಕೋಕಾಗಲ್ಲಮ್ಮ. ಅದನ್ನ ಹೇಳೋಕೆ ಬಂದೆ. ಜಾಲರಿ ಹಾಕಲಿ.”

“ಯಾಕಪ್ಪಾ?”

“ಅವತ್ತು ನೀವು ಬಂದು ತಲೆ ತಿಂದಿರಿ, ಉಳಿದೆ. ನೀವು ದಿನಾ ಬರೋಕಾಗತ್ತಾ?”

ಕಲ್ಲಿನ ಕೆತ್ತನೆ, ಪರಂಪರೆ, ನಾಗರಿಕರ ಹಕ್ಕು, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಅರ್ಜಿ ಮಡಚಿ ಚೀಲಕ್ಕೆ ಹಾಕಿಕೊಂಡೆ. ಕನ್ನಡಕ, ಫೋನು, ಕೈಚೀಲ. ಅವತ್ತು ಹಾಗೆ ಒಪ್ಪವಾಗಿ ಜೋಡಿಸಿಟ್ಟಿದ್ದು ಯಾಕೆಂದು ಮನೆಗೆ ನಡೆದು ಬರುವಾಗ ಅರ್ಥವಾಯಿತು.

ಅರ್ಜಿಯನ್ನು ನಾಳೆ ಕೊಟ್ಟರಾಯಿತು.

ಮಾರ್ಚ್ ೨೮, ಶುಕ್ರವಾರ

ಅರ್ಜಿ ಕೊಟ್ಟಿಲ್ಲ. ಮೊಣಕಾಲು.

ತಂಗಿಯನ್ನು ಕೇಳಬೇಕು. ದಿನಾ ಅಂದುಕೊಳ್ಳುತ್ತೇನೆ. ಪರಿಚಯವಿಲ್ಲದ ಅಂಚೆಯವನನ್ನು ಕೇಳುವ ಬಾಯಿ, ನಾನೇ ಎತ್ತಿ ಆಡಿಸಿದವಳ ಮುಂದೆ ಒಣಗುತ್ತದೆ. ಇವತ್ತು ಬಟ್ಟೆ ಮಡಚುವಾಗ, “ಕಾರಣ ಏನು ಅಂತ ನನಗಾದ್ರೂ ಹೇಳಬಾರದಾ?” ಎಂದೆ. “ಕಾರಣ ಇದ್ದಿದ್ರೆ ಹೇಳ್ತಿದ್ದೆ ಅಕ್ಕ. ಜಗಳ ಆಡೋಕಾದ್ರೂ ಯಾರೋ ಒಬ್ಬರು ಸಿಗ್ತಿದ್ರು,” ಎಂದು ದಿಂಬಿನ ಚೀಲವನ್ನು ಅಂಚಿಗೆ ಅಂಚು ಕೂಡಿಸಿ ಮಡಚಿದಳು.

ಅವಳು ಬಹಳ ಒಪ್ಪವಾಗಿ ಮಡಚುತ್ತಾಳೆ. ಚಿಕ್ಕಂದಿನಿಂದಲೂ ಹಾಗೆಯೇ. ಅದಕ್ಕೆ ಬೇರೆ ಅರ್ಥ ಹುಡುಕಬಾರದು.

ಏಪ್ರಿಲ್ ೨, ಬುಧವಾರ

ಮಲಗುವ ಹೊತ್ತು ಮೀರಿದೆ. ಆದರೂ ಬರೆದಿಡಬೇಕು.

ಅತ್ತಿಗೆ ಹನ್ನೊಂದಕ್ಕೆ ಬರುತ್ತೇನೆಂದಿದ್ದರು. ಇನ್ನೇನು ಬಂದೇಬಿಡುತ್ತಾರಲ್ಲ ಎಂದು ನಾನು ಅರ್ಜಿ ಚೀಲಕ್ಕೆ ಹಾಕಿಕೊಂಡು ನಗರಸಭೆಗೆ ಹೊರಟೆ. ಕೊಡಲೋ, ಹಿಂದಕ್ಕೆ ತರಲೋ ನನಗೇ ಗೊತ್ತಿರಲಿಲ್ಲ. ಗುಮಾಸ್ತ ಊಟಕ್ಕೆ ಹೋಗಿದ್ದ. ಕಾದು ಕಾದು ವಾಪಸು ಬಂದರೆ ಬಾಗಿಲು ಮುಂದಕ್ಕೆ ಎಳೆದಿತ್ತು. ಅತ್ತಿಗೆ ಬಂದೇ ಇರಲಿಲ್ಲ. ಒಳಕೋಣೆ ಖಾಲಿ. ಹಾಸಿಗೆ ಸುಕ್ಕಿಲ್ಲದಂತೆ ಹಾಸಿತ್ತು. ಅವಳ ಫೋನು ದಿಂಬಿನ ಮೇಲಿತ್ತು.

ಎದುರು ಮನೆಯಲ್ಲಿ ಯಂತ್ರದ ಸದ್ದು. ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತ ತಲೆಯೆತ್ತದೆ ಹೇಳಿದರು:

“ನಾನೇ ಕಳಿಸಿದೆ. ತಿಂಗಳಿಂದ ಗೋಡೆ ನೋಡ್ತಾ ಕೂತ್ರೆ ಬೆನ್ನು ಹಿಡಿಯದೆ ಇನ್ನೇನು? ಸೇತುವೆ ತನಕ ನಡ್ಕೊಂಡು ಹೋಗಿ, ಗಾಳಿ ಚೆನ್ನಾಗಿರತ್ತೆ ಅಂದೆ. ಅಲ್ಲಿಗೇ ಹೋಗ್ತೀನಿ ಅಂದ್ರು ಪಾಪ. ಎಷ್ಟು ಬೇಗ ಒಪ್ಕೊಂಡ್ರು.”

ಹೇಳಲು ಬಾಯಿ ತೆರೆದೆ. ಅಣ್ಣ ಕಲಿಸಿಕೊಟ್ಟ ಒಂದೇ ಒಂದು ಪದ ಬಾಯಲ್ಲಿತ್ತು, ಅದರಿಂದ ಈಗ ಏನೂ ಪ್ರಯೋಜನವಿರಲಿಲ್ಲ. ಓಡಿದೆ. ಹಿಂದಿನಿಂದ ಅವರು, “ಬೆಲ್ಟ್ ಹಾಕ್ಕೊಂಡೇ ಹೋಗಿದ್ದಾರೆ, ಏನೂ ಆಗಲ್ಲ,” ಎಂದು ಕೂಗಿ ಹೇಳಿದರು.

ಸಿಕ್ಕ ಬಸ್ಸು ಹತ್ತಿದೆ. ಮಾರುಕಟ್ಟೆಯ ತಿರುವಿನಲ್ಲಿ ಅದು ನಿಂತೇಬಿಟ್ಟಿತು. ಇಳಿದು ನಡೆದೆ. ನಡೆದೆ ಎಂದರೆ ಮೊಣಕಾಲು ಬಿಟ್ಟಷ್ಟು ಓಡಿದೆ. ಆ ಜಾಲರಿ ಇವತ್ತು ಇದ್ದಿದ್ದರೆ, ಇದ್ದಿದ್ದರೆ ಎಂದು ಹೇಳಿಕೊಂಡೇ ಓಡಿದೆ.

ಮೂರನೆಯ ಕಂಬದ ಬೆಂಚಿನ ಮೇಲೆ ಕೂತಿದ್ದಳು. ಬೆಲ್ಟ್ ಬಿಚ್ಚಿ, ಸುರುಳಿ ಸುತ್ತಿ, ಪಕ್ಕದಲ್ಲಿಟ್ಟುಕೊಂಡಿದ್ದಳು. ನಾನು ಅದನ್ನು ಸರಿಸಿ ಕೂತೆ. ಉಸಿರು ಬಂದ ಮೇಲೆ ಅಭ್ಯಾಸಬಲದಿಂದ ಬಾಯಿಗೆ ಅದೇ ಬಂತು.

“ಏನು ನೋಡ್ತಿದ್ದೀಯಾ?”

“ನಿನ್ನ ಅರ್ಜಿಗೆ ನಾನು ಸಹಿ ಹಾಕಲ್ಲ ಅಕ್ಕ.”

ಅವಳ ಕೈ ಹಿಡಿದುಕೊಂಡೆ. ತಣ್ಣಗಿತ್ತು.

“ಸಾಯಬೇಕು ಅನ್ನಿಸ್ತಿದೆಯಾ?”

ಕೇಳಿದೆ. ಇದೇ ಮಾತಲ್ಲಿ.

“ಹೂಂ,” ಅಂದಳು. “ಬರುವಾಗ ಹಾಗೇ ಅಂದ್ಕೊಂಡೇ ಬಂದೆ. ಇಲ್ಲಿ ಕೂತ ಮೇಲೆ ಅಷ್ಟು ಗೊತ್ತಾಗ್ತಿಲ್ಲ. ಯಾರೋ ಅಂಚೆಯವನು ಬಂದು, ಇಲ್ಲಿ ಒಬ್ಬರು ಮೇಡಂ ಬರ್ತಿದ್ರು, ಏನು ನೋಡ್ತೀರಿ ಅಂತ ಕೇಳ್ತಿದ್ರು, ನೀವು ಏನು ನೋಡ್ತೀರಿ ಅಂದ. ಅವರ ತಂಗಿ ನಾನು ಅಂದೆ. ಪಾಪ ನೀವು ಅಂದ.”

ನನಗೆ ನಗಲೂ ಆಗಲಿಲ್ಲ.

“ಒಂದು ತಿಂಗಳಿಂದ ಎಲ್ಲರೂ ಬೆನ್ನು ಹೇಗಿದೆ ಅಂತಾನೇ ಕೇಳಿದ್ದು ಅಕ್ಕ. ಚೆನ್ನಾಗಿದೆ ಅಂದೆ. ಅದು ನಿಜಾನೇ ಅಲ್ವಾ? ನನ್ನನ್ನ ಯಾರೂ ಕೇಳ್ಲೇ ಇಲ್ಲ.”

“ಈಗ ಕೇಳ್ತಿದ್ದೀನಿ. ಹೇಳು.”

ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಬೆಂಚಿನ ಮೇಲಿನಿಂದಲೇ ವೈದ್ಯೆಗೆ ಫೋನ್ ಮಾಡಿದೆ. ಈಗಲೇ ಕರೆದುಕೊಂಡು ಬನ್ನಿ ಎಂದರು. ಎದ್ದೇಳುವ ಮುನ್ನ ಮೂಗು ಒರೆಸಿಕೊಳ್ಳಲು ಏನಾದರೂ ಕೊಡು ಎಂದಳು. ಚೀಲದಲ್ಲಿದ್ದದ್ದು ಅರ್ಜಿಯೊಂದೇ. ಮೊದಲ ಪುಟ ಅವಳಿಗೆ ಕೊಟ್ಟೆ. ಉಳಿದದ್ದು ನನಗೆ ಬೇಕಾಯಿತು.

ಏಪ್ರಿಲ್ ೩, ಗುರುವಾರ

ಕೆಲವು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುತ್ತಾರೆ. ಅವಳೇ ಒಪ್ಪಿದಳು. ಹೆಡ್‌ಮಾಸ್ತರರು ಅದೇ ಬೆಂಚಿನಲ್ಲಿದ್ದರು. “ತಂಗಿಯನ್ನ ಸೇರಿಸಿದ್ದೀನಿ ಸಾರ್. ಕಣ್ಣಿಗಲ್ಲ,” ಎಂದೆ. ಅವರು ಬೆಂಚಿನ ಮೇಲೆ ಸರಿದು ನನಗೆ ಜಾಗ ಮಾಡಿಕೊಟ್ಟು, “ನಂದೂ ಕಣ್ಣಲ್ಲಮ್ಮ,” ಅಂದರು.

ಏಪ್ರಿಲ್ ೬, ಭಾನುವಾರ

ಟೈಲರಮ್ಮನಿಗೆ ಹೇಳಿದೆ. ಮೊದಲು ಅವರಿಗೆ ಹೊಳೆದದ್ದು ಎಣ್ಣೆ.

“ಹಾಗಾದ್ರೆ ನನ್ನ ಎಣ್ಣೆ?”

“ನಾನು ಮೊಣಕಾಲಿಗೆ ಹಚ್ಕೊಂಡೆ. ಗುಣ ಆಯ್ತು.”

ಆಮೇಲೆ ಸೇತುವೆಯ ದಾರಿ ತೋರಿಸಿದ್ದು ತಾನೇ ಎಂಬುದು ಅವರ ತಲೆಗೆ ಹೋಯಿತು. ಯಂತ್ರದ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದರು.

“ನನ್ನ ಕೈಯಲ್ಲಿ ಏನು ಮಾಡಿಸ್ತಿದ್ರಿ ನೀವು? ಮೊದಲೇ ಒಂದು ಮಾತು ಹೇಳಿದ್ರೆ ದಿನಾ ಬಂದು ಪಕ್ಕದಲ್ಲಿ ಕೂತು ಗುಂಡಿ ಹೊಲೀತಿದ್ದೆ. ಇಲ್ಲಿ ಹೊಲಿದ್ರೇನು, ಅಲ್ಲಿ ಹೊಲಿದ್ರೇನು?”

ಅವರು ಅರ್ಧ ಹೊಲಿದ ತೋಳನ್ನು ತಿರುವಿ ತಿರುವಿ ನೋಡಿದರು.

“ನಮ್ಮ ಮಾವನ ಸುದ್ದಿ ಪೇಪರಲ್ಲಿ ಬಂದಿತ್ತು. ಹೊಟ್ಟೆನೋವು ತಾಳಲಾರದೆ ಅಂತ. ಕಲ್ಲು ತಿಂದು ಕರಗಿಸೋ ಹೊಟ್ಟೆ ಅವರದು. ಪೇಪರಿನವರಿಗೆ ಹಾಗೆ ಹೇಳಿದ್ದು ನಮ್ಮ ಯಜಮಾನರೇ.”

ಆ ಸುದ್ದಿಗೂ ನಾನೇ ಮುದ್ರೆ ಒತ್ತಿರಬೇಕು.

ಸಂಜೆ ಅಣ್ಣ ಫೋನಿನಲ್ಲಿ ಕೂಗಾಡಿದ. “ಊರಿಗೆಲ್ಲ ಡಂಗುರ ಹೊಡೀತೀಯಾ?” ಎಂದ. “ಬೆಲ್ಟ್ ಬೇಕಿದ್ರೆ ಬಂದು ತಗೊಂಡು ಹೋಗು, ಹೊಸದಾಗೇ ಇದೆ,” ಎಂದೆ.

ಏಪ್ರಿಲ್ ೨೯, ಮಂಗಳವಾರ

ನಗರಸಭೆಯವರ ಸೋಮಾರಿತನಕ್ಕೆ ಎಣೆಯಿಲ್ಲ. ಮಾರ್ಚ್ ತಿಂಗಳಲ್ಲಿ ಜಾಲರಿ ಹಾಕುತ್ತೇವೆಂದು ಸುದ್ದಿ ಕೊಟ್ಟವರು ಇನ್ನೂ ಒಂದು ಮೊಳೆ ಹೊಡೆದಿಲ್ಲ. ಎಂಜಿನಿಯರ್ ಹುಡುಗಿ ಪಾಪ ಒಬ್ಬಳೇ ಓಡಾಡುತ್ತಿದ್ದಾಳೆ. ಕಟುವಾದ ಅರ್ಜಿ ಬರೆದು ಗುಮಾಸ್ತನ ಮೇಜಿನ ಮೇಲಿಟ್ಟೆ. ಜಾಲರಿ ಬರುವ ತನಕ ಸಂಜೆ ಹೊತ್ತು ಇಬ್ಬಿಬ್ಬರು ಬೆಂಚಿನ ಮೇಲೆ ಕೂರುತ್ತೇವೆ, ಅದನ್ನಾದರೂ ತಡೆಯಬೇಡಿ ಎಂದೂ ಬರೆದಿದ್ದೇನೆ. ಇಸ್ತ್ರಿ ಅಂಗಿಯವನ ಸಹಿಯೇ ಮೊದಲನೆಯದು. ಗುಮಾಸ್ತ ಓದಿ, “ಅಮ್ಮಾ, ಬೇಡ ಅಂತ ಸಹಿ ಮಾಡಿಸ್ತಾ ಇದ್ದೋರು ನೀವೇ ಅಲ್ವಾ?” ಅಂದ. ಈ ಕಾಲದವರು ಏನನ್ನೂ ಪೂರ್ತಿ ಓದುವುದಿಲ್ಲ.

ತಂಗಿ ಮನೆಗೆ ಬಂದು ಎರಡು ವಾರವಾಯಿತು. ಬೆಳಿಗ್ಗೆ ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳುವ ಹಾಗೆಯೇ ಅದನ್ನೂ ಕೇಳುತ್ತೇನೆ. ಕೆಲವು ದಿನ “ಇಲ್ಲ” ಅನ್ನುತ್ತಾಳೆ. ಕೆಲವು ದಿನ “ಸ್ವಲ್ಪ” ಅನ್ನುತ್ತಾಳೆ. ಅವತ್ತು ನಾನು ಎಲ್ಲಿಗೂ ಹೋಗುವುದಿಲ್ಲ, ಟೈಲರಮ್ಮ ಗುಂಡಿಗಳ ಡಬ್ಬಿ ತರುತ್ತಾರೆ.

ಜೂನ್ ೨, ಸೋಮವಾರ

ಶಿಶುವಿಹಾರ ಮತ್ತೆ ತೆರೆಯಿತು. ಇಬ್ಬರು ತಮ್ಮ ಮಕ್ಕಳನ್ನು ಬೇರೆ ಕಡೆ ಸೇರಿಸಿದ್ದಾರೆ. ಅಣ್ಣ ಹೇಳಿದ್ದರಲ್ಲಿ ಅಷ್ಟು ನಿಜವಿತ್ತು. ನಾನು ಬಾಗಿಲ ಪಕ್ಕದ ಪುಟ್ಟ ಕುರ್ಚಿಯಲ್ಲಿ ಕೂತಿದ್ದೆ. ನನ್ನಂಥವಳಿಗೆ ಮಾಡಿದ ಕುರ್ಚಿಯಲ್ಲ ಅದು, ಏಳುವುದೇ ಕಷ್ಟ.

ಒಬ್ಬಳು ತಾಯಿ ಅವಸರದಲ್ಲಿ ಬಂದಳು, ಕೈಯಲ್ಲಿ ಮಗು, ಹೆಗಲಲ್ಲಿ ಆಫೀಸಿನ ಚೀಲ. “ಮಿಸ್, ಬೆನ್ನು ಹೇಗಿದೆ ಈಗ?” ಎಂದಳು.

ನಾನು ನನ್ನ ಚಪ್ಪಲಿ ನೋಡಿಕೊಂಡೆ.

“ಬೆನ್ನು ಯಾವತ್ತೂ ಚೆನ್ನಾಗೇ ಇತ್ತು,” ಅಂದಳು ತಂಗಿ. “ಮನಸ್ಸಿಗೆ ಹುಷಾರಿರಲಿಲ್ಲ. ಬದುಕೋದೇ ಬೇಡ ಅನ್ನಿಸ್ತಿತ್ತು. ಆಸ್ಪತ್ರೆಯಲ್ಲಿದ್ದೆ. ಈಗ ಮಾತ್ರೆ ತಗೊಳ್ತಿದ್ದೀನಿ, ಪರವಾಗಿಲ್ಲ. ಡಾಕ್ಟರು ಕೆಲಸಕ್ಕೆ ಹೋಗಿ ಅಂದಿದ್ದಾರೆ. ಸಹಾಯಕ್ಕೆ ಅಕ್ಕಾನೂ ಇರ್ತಾಳೆ.”

ಆ ತಾಯಿ ನಿಂತೇ ಇದ್ದಳು. ತಂಗಿಯನ್ನು ನೋಡಿದಳು, ನನ್ನನ್ನು ನೋಡಿದಳು. ಮಗು ಆಗಲೇ ಅವಳ ಕೈಯಿಂದ ಜಾರಿ ತಂಗಿಯ ಸೀರೆಯ ಸೆರಗು ಹಿಡಿದು, ಬಣ್ಣದ ಇಟ್ಟಿಗೆಗಳ ಬುಟ್ಟಿ ಎಲ್ಲಿ ಎಂದು ಕೇಳುತ್ತಿತ್ತು. ಬೀದಿಯಲ್ಲಿ ಯಾರದೋ ಗಾಡಿ ಹಾರನ್ ಹೊಡೆಯಿತು.

“ನೀರಿನ ಬಾಟಲಿ ಮರೆತಿದ್ದೆ,” ಎಂದು ಚೀಲದಿಂದ ತೆಗೆದು ತಂಗಿಯ ಕೈಗೆ ಕೊಟ್ಟಳು. “ಸಂಜೆ ಸ್ವಲ್ಪ ಲೇಟಾಗತ್ತೆ ಮಿಸ್. ಇರ್ತೀರಲ್ಲ?”

“ಇರ್ತೀನಿ,” ಅಂದಳು ತಂಗಿ.